ಮೊಳಕ್ಕಿಂತ ಗಿಡ್ಡ ಉಲ್ಲನ್

ನಮ್ಮ ಜಯತ್ತೆಯ ದಿಂಬು ವರ್ಷವಿಡೀ ಒಂದೇ ಎತ್ತರ ಇರುತ್ತಿರಲಿಲ್ಲ. ಗೌರಿ ಹಬ್ಬ ಕಳೆದು ಸ್ವೆಟರಿನ ಕೆಲಸ ಶುರುವಾದರೆ ಅದು ದಿನದಿನಕ್ಕೂ ಉಬ್ಬುತ್ತಾ ಹೋಗಿ, ಸಂಕ್ರಾಂತಿಯ ಹೊತ್ತಿಗೆ ಅತ್ತೆ ಅದರ ಮೇಲೆ ತಲೆಯಿಟ್ಟರೆ ಗದ್ದ ಎದೆಗೆ ತಾಗುವಷ್ಟಾಗುತ್ತಿತ್ತು. ಬಿಸಿಲು ಬಂತೆಂದರೆ ಮತ್ತೆ ಇಳಿಯುತ್ತಿತ್ತು. ಯುಗಾದಿ ಕಳೆದು ತಿಂಗಳಾಗುವಷ್ಟರಲ್ಲಿ ಅವರು ಬರೀ ಗವಸನ್ನು ನಾಲ್ಕು ಮಡಿಕೆ ಮಾಡಿ ತಲೆಯಡಿಗೆ ಇಟ್ಟುಕೊಂಡು ಮಲಗುತ್ತಿದ್ದರು. ಆ ದಿಂಬಿನೊಳಗೆ ಹತ್ತಿ ಇರಲಿಲ್ಲ, ಊರವರ ಸ್ವೆಟರುಗಳಲ್ಲಿ ಉಳಿದ ಉಲ್ಲನ್ ತುಂಡುಗಳಿದ್ದವು. ಕೆಂಪು, ಗಿಳಿಹಸಿರು, ಮೆಂತ್ಯದ ಬಣ್ಣ, ನೇರಳೆ, ಯಾವುದೋ ಕೂಸಿನ ತಿಳಿಗುಲಾಬಿ, ಯಾವುದೋ ಮುದುಕರ ಬೂದಿ. ಚಳಿಗಾಲದಲ್ಲಿ ತುಂಬಿಸುವುದು, ಬೇಸಿಗೆಯಲ್ಲಿ ಖಾಲಿ ಮಾಡುವುದು. ನಾನು ಅವರ ಪಕ್ಕದಲ್ಲೇ ಮಲಗುತ್ತಿದ್ದೆ. ಆ ದಿಂಬಿನ ಹೊಲಿಗೆ ಬಿಟ್ಟ ಮೂಲೆಯಲ್ಲಿ ಬೆರಳು ತೂರಿಸಿ ಒಂದು ಎಳೆ ಎಳೆದು, ಯಾವ ಬಣ್ಣ ಬಂತೆಂದು ನೋಡುವುದು ನನಗೆ ಬೆಳಗಿನ ಮೊದಲ ಕೆಲಸ.

ಜಯತ್ತೆ ಅಪ್ಪನ ಅಕ್ಕ. ಮದುವೆಯಾದ ಎರಡನೇ ವರ್ಷಕ್ಕೇ ಗಂಡ ಬೇರೊಬ್ಬಳ ಜೊತೆ ಸಂಸಾರ ಹೂಡಿದನಂತೆ. ಇವರು ಒಂದು ಟ್ರಂಕು, ಒಂದು ಜೊತೆ ಸ್ವೆಟರ್ ಕಡ್ಡಿ ಹಿಡಿದುಕೊಂಡು ತಮ್ಮನ ಮನೆಗೆ ಬಂದರು. ನಾನು ಹುಟ್ಟುವ ಮೊದಲೇ ಬಂದಿದ್ದರಿಂದ ನನ್ನ ಪಾಲಿಗೆ ಅವರು ಮನೆಗೆ ಸೇರಿದವರು. ಅಮ್ಮನ ಪಾಲಿಗೆ ಮನೆಗೆ ಬಂದು ಸೇರಿಕೊಂಡವರು. ಈ ವ್ಯತ್ಯಾಸ ನನಗೆ ಅರ್ಥವಾಗಲು ಬಹಳ ವರ್ಷ ಬೇಕಾಯಿತು. ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ ನಮ್ಮದು ಮೂರನೇ ಮನೆ. ಆರು ಮನೆಗೆ ಒಂದು ನಲ್ಲಿ, ಹಿಂದುಗಡೆ ಒಂದು ಲೇತ್ ವರ್ಕ್‌ಶಾಪು. ಬೆಳಿಗ್ಗೆ ಎಂಟಕ್ಕೆ ಅದರ ಸದ್ದು ಶುರುವಾದರೆ ಸಂಜೆಯವರೆಗೂ ಎಲ್ಲರೂ ಸ್ವಲ್ಪ ಗಟ್ಟಿಯಾಗಿಯೇ ಮಾತಾಡಬೇಕಿತ್ತು. ಈಗಲೂ ನಾನು ಮಾತಾಡಿದರೆ ಜಗಳವಾಡಿದಂತೆ ಕೇಳಿಸುತ್ತದೆ ಎಂದು ನನ್ನ ಗಂಡ ಹೇಳುತ್ತಾರೆ. ಮುಂದಿನದೊಂದು ಕೋಣೆ, ಒಂದು ಕತ್ತಲ ನಡುಮನೆ, ಅದರಾಚೆ ಅಡುಗೆಮನೆ. ನಡುಮನೆಯ ಸೂರಿನಲ್ಲಿ ಒಂದೇ ಒಂದು ಗಾಜಿನ ಹೆಂಚು. ಅದರಿಂದ ಬೀಳುವ ಬೆಳಕಿನ ಚೌಕ ಬೆಳಿಗ್ಗೆ ಪಡುವಣ ಗೋಡೆಯ ಮೇಲಿದ್ದು ಮಧ್ಯಾಹ್ನ ನೆಲದ ನಡುವಿಗೆ ಬಂದು, ಇಳಿಹೊತ್ತಿಗೆ ಅಕ್ಕಿ ಡಬ್ಬದ ಹತ್ತಿರ ಹೋಗುತ್ತಿತ್ತು. ಅತ್ತೆಯೂ ಅದರ ಹಿಂದೆಯೇ ಚಾಪೆ ಎಳೆದುಕೊಂಡು ಹೋಗುತ್ತಿದ್ದರು. ಅವರು ಎಲ್ಲಿ ಕೂತಿದ್ದಾರೆಂದು ನೋಡಿದರೆ ಗಂಟೆ ಎಷ್ಟೆಂದು ನಾನು ಹೇಳಿಬಿಡುತ್ತಿದ್ದೆ.

ಉಲ್ಲನ್ ಕೊಡುತ್ತಿದ್ದದ್ದು ರಾಜಾಜಿನಗರದ ಪದ್ಮಾವತಮ್ಮ. ಅವರು ಮನೆಯಲ್ಲೇ ಸ್ವೆಟರಿನ ಆರ್ಡರ್ ಹಿಡಿದು, ನಮ್ಮತ್ತೆಯಂಥ ಏಳೆಂಟು ಹೆಂಗಸರಿಗೆ ಹೆಣೆಯಲು ಕೊಡುತ್ತಿದ್ದರು. ಒಳ್ಳೆಯ ಹೆಂಗಸೇ. ಹಬ್ಬಕ್ಕೆ ಕರೆದು ಕುಂಕುಮ ಕೊಡುತ್ತಿದ್ದರು. ಆದರೆ ಉಲ್ಲನ್ ವಿಷಯದಲ್ಲಿ ಕಟ್ಟುನಿಟ್ಟು. ಕೆಲಸ ಶುರು ಮಾಡಿದ ದಿನವೇ ಅವರು ಅತ್ತೆಗೆ ಒಂದು ಕರಾರು ಹೇಳಿದ್ದರು.

"ನೋಡಿ ಜಯಮ್ಮ, ಸ್ವೆಟರ್ ಮುಗಿದ್ಮೇಲೆ ಉಳಿದಿದ್ದು ಮೊಳಕ್ಕಿಂತ ಉದ್ದ ಇದ್ರೆ ವಾಪಸ್ ತನ್ನಿ. ಮೊಳಕ್ಕಿಂತ ಗಿಡ್ಡ ಆದ್ರೆ ನಂಗೆ ಬೇಡ, ನೀವೇ ಇಟ್ಕೊಳಿ."

"ಯಾರ ಮೊಳ ಅಮ್ಮಾ?" ಎಂದು ಅತ್ತೆ ಕೇಳಿದರಂತೆ.

ಇದು ಹುಡುಗಾಟದ ಪ್ರಶ್ನೆಯಲ್ಲ. ನಮ್ಮತ್ತೆ ಆರಡಿಗೆ ಸ್ವಲ್ಪ ಕಮ್ಮಿ ಇದ್ದ ಹೆಂಗಸು, ಕೈ ಉದ್ದ. ಪದ್ಮಾವತಮ್ಮ ಗಿಡ್ಡ, ಅವರ ಮೊಣಕೈಯಿಂದ ಬೆರಳ ತುದಿಗೆ ಅತ್ತೆಯದಕ್ಕಿಂತ ನಾಲ್ಕು ಬೆರಳು ಕಡಿಮೆ. ಮೊಳ ಎನ್ನುವುದು ಯಾರ ಕೈ ಎನ್ನುವುದರ ಮೇಲೆ ಹೋಗುತ್ತದೆ ಎನ್ನುವುದು ಹೂವಿನವಳ ಹತ್ತಿರ ದಿನಾ ಜಗಳವಾಡುವ ಎಲ್ಲರಿಗೂ ಗೊತ್ತು. "ನನ್ನದೇ ಅಂತಿಟ್ಕೊಳಿ" ಎಂದು ಪದ್ಮಾವತಮ್ಮ ನಕ್ಕರೆ, ಅತ್ತೆ ಅಲ್ಲೇ ಒಂದು ದಾರ ತೆಗೆದು ಅವರ ಕೈ ಅಳೆದುಕೊಂಡು ಬಂದರು. ಮನೆಗೆ ಬಂದು ನಡುಮನೆಯ ಬಾಗಿಲ ಚೌಕಟ್ಟಿನಲ್ಲಿ ಮೊಳೆಯಿಂದ ಎರಡು ಗೀರು ಹಾಕಿದರು. ಆ ಎರಡು ಗೀರಿನ ನಡುವಿನದು ಪದ್ಮಾವತಮ್ಮನ ಮೊಳ. ಉಳಿದ ಪ್ರತಿ ತುಂಡನ್ನೂ ಅಲ್ಲಿ ಹಿಡಿದು ನೋಡುವುದು. ಗೀರು ದಾಟಿದರೆ ಪದ್ಮಾವತಮ್ಮನ ಚೀಲಕ್ಕೆ, ದಾಟದಿದ್ದರೆ ದಿಂಬಿಗೆ. ಒಂದು ನೂಲಿನಷ್ಟು ಹೆಚ್ಚಿದ್ದರೂ ಅತ್ತೆ ಇಟ್ಟುಕೊಂಡವರಲ್ಲ. ಅಮ್ಮ ಇದನ್ನು ನೋಡಿ ನಗುತ್ತಿದ್ದಳು. "ಹರಿಶ್ಚಂದ್ರನ ತಂಗಿ" ಎನ್ನುತ್ತಿದ್ದಳು.

ಹಾಗೆ ಮೊಳಮೊಳವಾಗಿ ಬಂದದ್ದರಲ್ಲಿ ಅತ್ತೆ ಏನೇನು ಮಾಡುತ್ತಿದ್ದರು ಎಂದು ಹೇಳಲು ಹೋದರೆ ನನಗೆ ಈಗಲೂ ಖುಷಿಯಾಗುತ್ತದೆ. ವಠಾರದ ಆರು ಬಾಗಿಲಿಗೂ ಅವರ ತೋರಣ. ಒಂದೊಂದರಲ್ಲೂ ಉಲ್ಲನ್ ಗಿಳಿ, ಉಲ್ಲನ್ ಮಾವಿನಕಾಯಿ, ತುದಿಯಲ್ಲಿ ಚೆಂಡು, ನಡುವೆ ಕೆಂಪು ದಾರದಲ್ಲಿ "ಸುಸ್ವಾಗತ". ಗೋಣಿತಾಟಿಗೆ ತುಂಡುಗಳನ್ನು ಒತ್ತೊತ್ತಾಗಿ ಕಟ್ಟಿ ಮಾಡಿದ ಕಾಲೊರಸು. ರೇಡಿಯೋಗೆ ಮುಸುಕು, ಅಪ್ಪನ ಊಟದ ಡಬ್ಬಿಗೆ ಅಂಗಿ. ಎರಡು ತುಂಡು ಸೇರಿಸುವುದೇ ಅವರಲ್ಲಿ ಒಂದು ವಿದ್ಯೆ. ಅಪ್ಪಟ ಉಣ್ಣೆಯಾದರೆ ಎರಡು ತುದಿಗಳ ಎಳೆ ಬಿಡಿಸಿ, ಒಂದರೊಳಗೊಂದು ಇಟ್ಟು, ಅಂಗೈಗೆ ನೀರು ಸೋಕಿಸಿ ಉಜ್ಜಿಬಿಟ್ಟರೆ ಬ್ರಹ್ಮ ಬಂದರೂ ಬಿಡಿಸಲಾಗದು. ಮಿಶ್ರದ್ದಾದರೆ ಹಾಗೆ ಕೂಡುವುದಿಲ್ಲ, ಸಾಸಿವೆಯಷ್ಟು ಗಂಟು ಹಾಕಲೇಬೇಕು. ಗಂಟು ಯಾವಾಗಲೂ ಒಳಮೈಗೆ. ಹೊರಗಿನಿಂದ ನೋಡಿದವರಿಗೆ ಬಣ್ಣ ಮಾತ್ರ ಕಾಣಬೇಕು.

ಇವೆಲ್ಲಕ್ಕಿಂತ ಹೆಚ್ಚಾಗಿ ಜನ ಅವರನ್ನು ಹುಡುಕಿಕೊಂಡು ಬರುತ್ತಿದ್ದದ್ದು ಕುಲಾವಿಗೆ. ಹುಟ್ಟಿದ ಮಗುವಿಗೆ ಮೊದಲು ಹೊಸ ಬಟ್ಟೆ ಹಾಕಬಾರದು, ಹಳೆಯದು ಹಾಕಬೇಕು ಎನ್ನುವುದು ನಮ್ಮಲ್ಲಿ ಎಲ್ಲ ಮನೆಯಲ್ಲೂ ಇರುವುದೇ. ಅತ್ತೆ ಅದನ್ನು ಉಲ್ಲನ್‌ಗೂ ತಂದಿದ್ದರು. ಮೊದಲ ಕುಲಾವಿಯನ್ನು ಹೊಸ ಉಂಡೆಯಲ್ಲಿ ಹಾಕಬಾರದು. ಬೆಳೆದು ಓಡಾಡಿಕೊಂಡಿರುವ ಮಕ್ಕಳ ಸ್ವೆಟರಿನಲ್ಲಿ ಉಳಿದ ದಾರದಲ್ಲೇ ಹಾಕಬೇಕು. ನಾನು ಯಾಕೆಂದು ಕೇಳಿದ್ದೆ.

"ಉಳಿದಿದ್ರಲ್ಲಿ ಹಾಕಿದ್ರೆ ಮಗು ಉಳಿಯುತ್ತೆ ಕಣೆ ಪುಟ್ಟಿ. ಅಷ್ಟೇ ಲೆಕ್ಕ."

ಮಾತಿನ ಮೇಲೆ ಮಾತು ಕೂತ ಹಾಗಿದೆ, ಅಷ್ಟೆ. ಆದರೆ ಎರಡೆರಡು ಕೂಸು ಕಳೆದುಕೊಂಡವರಿಗೆ ಆ ಮಾತು ಬೇಕಿತ್ತು. ಮಾಗಡಿ ರಸ್ತೆಯ ಆಚೆಯಿಂದಲೂ ಬಸುರಿಯರ ತಾಯಂದಿರು ಬಂದು ನಮ್ಮ ಹೊಸಲಿನಲ್ಲಿ ಕೂತು "ಜಯಮ್ಮ, ನಿನ್ನ ಕೈಯದೊಂದು ಕುಲಾವಿ" ಎಂದು ಕೇಳುತ್ತಿದ್ದರು. ಅತ್ತೆ ಅದಕ್ಕೆ ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಗಂಡ ಬಿಟ್ಟವಳೆಂದು ಆರತಿಗೂ ಮುಂದೆ ಕರೆಯದ ಕಾಲ ಅದು. ಆ ಹೊಸಲಿನಲ್ಲಿ ಮಾತ್ರ ಅವರು ಬೇಕಾದವರು.

ಅಮ್ಮನಿಗೆ ಇದನ್ನು ಸಹಿಸಲಾಗುತ್ತಿರಲಿಲ್ಲ ಎಂದರೆ ಅನ್ಯಾಯವಾದೀತು. ಆರು ಮನೆಯ ವಠಾರದಲ್ಲಿ, ಒಂದು ಕೈಯ ಸಂಬಳದಲ್ಲಿ ಸಂಸಾರ ತೂಗಿಸುವವಳಿಗೆ ಸಾರಿನಲ್ಲಿ ಉಲ್ಲನ್ ಎಳೆ ಸಿಕ್ಕರೆ ರೇಗದೆ ಇರುತ್ತದೆಯೇ? ಒಂದು ದಿನ ಹುರುಳಿಕಾಳಿನ ಬಸ್ಸಾರಿನಲ್ಲಿ ಅಪ್ಪನಿಗೆ ಹಸಿರು ಎಳೆ ಸಿಕ್ಕಿತು. ಅಪ್ಪ ಅದನ್ನು ತಟ್ಟೆಯ ಅಂಚಿಗೆ ಒರೆಸಿದರು. ಅಮ್ಮ ಮುದ್ದೆಯ ಕೋಲನ್ನು ಹಾಗೇ ಪಾತ್ರೆಗೆ ಕುಕ್ಕಿದಳು.

"ಊರೋರಿಗೆಲ್ಲ ಬೇಡವಾಗಿ ಮಿಕ್ಕಿದ್ದು ನಮ್ಮನೇಗೇ ಬರ್ಬೇಕು ನೋಡಿ. ದಾರಾನೂ ಅಷ್ಟೆ, ಜನಾನೂ ಅಷ್ಟೆ."

ಅತ್ತೆ ನನ್ನ ಎದುರಿಗೇ ಕೂತಿದ್ದರು. ಕೈಯಲ್ಲಿ ಮುರಿದಿದ್ದ ಮುದ್ದೆಯ ತುತ್ತನ್ನು ನುಂಗಿ, ಇನ್ನೊಂದು ತುತ್ತು ಮುರಿದು, ಅದನ್ನೂ ನುಂಗಿ, ಊಟ ಮುಗಿಸಿಯೇ ಎದ್ದರು. ಮರುದಿನದಿಂದ ಬೆಳಕಿನ ಚೌಕ ಅಕ್ಕಿ ಡಬ್ಬದ ಕಡೆಗೆ ಹೋದಾಗ ಅದರ ಹಿಂದೆ ಹೋಗುವುದನ್ನು ನಿಲ್ಲಿಸಿದರು. ಅಡುಗೆಮನೆಗೆ ಹತ್ತಿರವೆಂದು.

ನಾನು ನಾಲ್ಕನೇ ಕ್ಲಾಸಿಗೆ ಬಂದ ವರ್ಷ ಚಳಿ ಜೋರಾಗಿತ್ತು. ಸ್ಕೂಲಿನಲ್ಲಿ ನೀಲಿ ಸ್ವೆಟರ್ ಹಾಕಿಕೊಂಡು ಬರಬೇಕೆಂದು ಹೇಳಿದರು. ಅಮ್ಮ ಬರುವ ವರ್ಷ ನೋಡೋಣ ಎಂದಳು. ಅತ್ತೆ ದಿಂಬು ಬಿಚ್ಚಿದರು. ಹದಿನೈದು ದಿನದಲ್ಲಿ ನನಗೊಂದು ಸ್ವೆಟರ್ ಬಂತು. ಅದರ ಸೊಗಸನ್ನು ಈಗ ಹೇಳಬಲ್ಲೆ. ಕೆಳಗೆ ಕಡುಬಣ್ಣಗಳಿಂದ ಶುರುವಾಗಿ ಮೇಲೆ ಮೇಲೆ ತಿಳಿಯಾಗುತ್ತಾ, ಕತ್ತಿನ ಹತ್ತಿರ ಬೆಳಗಿನ ಆಕಾಶದ ಬಣ್ಣಕ್ಕೆ ಬಂದು ನಿಂತಿತ್ತು. ಅಂಥದ್ದನ್ನು ಈಗ ಅಂಗಡಿಯಲ್ಲಿ ಕಂಡರೆ ಜನ ಬೆಲೆ ಕೇಳದೆ ಕೊಳ್ಳುತ್ತಾರೆ. ಆಗ ನಾನು ಪ್ರೇಯರ್ ಸಾಲಿನಲ್ಲಿ ನೀಲಿ ಬೆನ್ನುಗಳ ನಡುವೆ ನಿಂತಾಗ ಹಿಂದಿನಿಂದ ಕಿಸಕ್ಕನೆ ನಗು ಕೇಳಿಸಿತು. ಮಾರನೆಯ ದಿನದಿಂದ ನನ್ನ ಹೆಸರು "ತೋರಣ". ಕ್ಲಾಸಿನ ಬಾಗಿಲಿಗೆ ಬಂದ ಕೂಡಲೇ ನಾಲ್ಕು ಹುಡುಗಿಯರು ಸಾಲಾಗಿ ನಿಂತು ಕೈಮುಗಿದು ಒಟ್ಟಿಗೆ "ಸುಸ್ವಾಗತ" ಎನ್ನುತ್ತಿದ್ದರು. ಟೀಚರ್ ಕೂಡ ಒಮ್ಮೆ ನಕ್ಕರು. ಮಕ್ಕಳು ನಕ್ಕರೆ ತಡೆದುಕೊಳ್ಳಬಹುದು, ಟೀಚರ್ ನಕ್ಕರೆ ಆಗುವುದಿಲ್ಲ. ನಾನು ಮನೆಗೆ ಬಂದು ಸ್ವೆಟರನ್ನು ಬಿಚ್ಚಿ ಮೂಲೆಗೆ ಎಸೆದೆ. ಅತ್ತೆ ಅದನ್ನು ಎತ್ತಿ ಕೊಡವಿ ಮಡಿಲಲ್ಲಿ ಇಟ್ಟುಕೊಂಡರು.

"ನಂಗೂ ಎಲ್ರ ಹಾಗೆ ಒಂದೇ ಬಣ್ಣದ್ದು ಹಾಕ್ಕೊಡಿ ಅತ್ತೆ. ನೀಲಿದು."

"ಒಂದೇ ಬಣ್ಣ ನಮ್ಮ ಕೈಗೆ ಎಲ್ಲಿಂದ ಬರುತ್ತೆ ಕಣೆ? ಹಾಗೆ ಬರ್ಬೇಕು ಅಂದ್ರೆ ನೀಲಿದೇ ಮೊಳಮೊಳವಾಗಿ ಉಳೀಬೇಕು, ಒಂದು ದಿಂಬು ತುಂಬೋಷ್ಟು."

ಸಮಾಧಾನಕ್ಕೆ ಹೇಳಿದ ಮಾತು. ನಾನು ಅದನ್ನು ದಾರಿ ಎಂದುಕೊಂಡೆ.

ದೀಪಾವಳಿ ಕಳೆದ ಮೇಲೆ ಪದ್ಮಾವತಮ್ಮನ ಮನೆಯಿಂದ ಯಾವುದೋ ಸ್ಕೂಲಿನ ಯೂನಿಫಾರ್ಮ್ ಸ್ವೆಟರುಗಳಿಗೆಂದು ನೀಲಿ ಉಲ್ಲನ್ ಬಂತು. ಲಡಿಗಳನ್ನು ನನ್ನ ಎರಡು ಕೈಗೆ ಹಾಕಿ ಅತ್ತೆ ಉಂಡೆ ಸುತ್ತಿದರು. ಅದಾದ ಎರಡನೇ ಭಾನುವಾರ ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪನಿಗೆ ಓವರ್‌ಟೈಮ್, ಅಮ್ಮ ನನ್ನ ಪುಟ್ಟ ತಮ್ಮನನ್ನು ಎತ್ತಿಕೊಂಡು ಯಾರದೋ ಸೀಮಂತಕ್ಕೆ ಹೋಗಿದ್ದಳು, ಅತ್ತೆ ಮುಗಿದ ಸ್ವೆಟರುಗಳನ್ನು ಕೊಡಲು ರಾಜಾಜಿನಗರಕ್ಕೆ. ನಾನು ಕತ್ತರಿ ತೆಗೆದುಕೊಂಡು ಗಾಜಿನ ಹೆಂಚಿನ ಬೆಳಕಿಗೆ ಕೂತೆ. ಹಗ್ಗ ಸುತ್ತುವ ಹಾಗೆ ಉಲ್ಲನ್ನನ್ನು ಎಡ ಮೊಣಕೈಯಿಂದ ಬೆರಳ ತುದಿಗೆ ಸುತ್ತಿದೆ. ಕೈ ದಪ್ಪಗಾದ ಮೇಲೆ ಜಾರಿಸಿ ತೆಗೆದು, ಎರಡು ತುದಿಯಲ್ಲೂ ಕತ್ತರಿ ಹಾಕಿದೆ. ಮೊಳ ಮೊಳದ ತುಂಡುಗಳು ಹುಲ್ಲಿನ ಹಾಗೆ ಬಿದ್ದವು. ನನಗೆ ಕದಿಯುತ್ತಿದ್ದೇನೆಂದು ಅನ್ನಿಸಲೇ ಇಲ್ಲ. ಕದ್ದರೆ ಉಂಡೆಯನ್ನೇ ಬಚ್ಚಿಡುತ್ತಿದ್ದೆನಲ್ಲ! ಮೊಳಕ್ಕಿಂತ ಗಿಡ್ಡವಾದರೆ ಅದು ಅತ್ತೆಯದು, ಪದ್ಮಾವತಮ್ಮನೇ ಹೇಳಿದ್ದು. ನಾನು ಗಿಡ್ಡ ಮಾಡುತ್ತಿದ್ದೆ, ಅಷ್ಟೆ. ನಾಲ್ಕು ಉಂಡೆ ಮುಗಿಸಿ, ಎಲ್ಲವನ್ನೂ ದಿಂಬಿಗೆ ತುಂಬಿ, ಅತ್ತೆ ಬಂದು ನೋಡಿ ಎಷ್ಟು ಸಂತೋಷಪಡುತ್ತಾರೋ ಎಂದು ಹೊಸಲಿನಲ್ಲಿ ಕಾದು ಕೂತೆ.

ಅವರು ಬಿಸಿಲಲ್ಲಿ ನಡೆದು ಬಂದಿದ್ದರು. ನೀರು ಕುಡಿದು, ಒಂದು ಗಳಿಗೆ ಅಡ್ಡಾಗೋಣವೆಂದು ದಿಂಬಿಗೆ ತಲೆ ಕೊಟ್ಟವರು ತಟ್ಟನೆ ಎದ್ದರು. ಗವಸಿನ ಮೂಲೆ ಬಿಚ್ಚಿದರು. ನೀಲಿ ಸುರಿಯಿತು. ಒಂದು ತುಂಡು ತೆಗೆದುಕೊಂಡು ಹೋಗಿ ಚೌಕಟ್ಟಿನ ಗೀರಿಗೆ ಹಿಡಿದರು. ಅದು ಐದಾರು ಬೆರಳಿನಷ್ಟು ಕಡಿಮೆ ಬಂತು. ತಮ್ಮ ಕೈಗೆ ಹಿಡಿದರು. ಆಮೇಲೆ ನನ್ನನ್ನು ಹತ್ತಿರ ಕರೆದು, ನನ್ನ ಮೊಣಕೈಗೆ ಒಂದು ತುದಿ ಇಟ್ಟು, ಇನ್ನೊಂದು ತುದಿಯನ್ನು ಬೆರಳವರೆಗೆ ಎಳೆದರು. ಸರಿಯಾಗಿ ಕೂತಿತು.

"ಕತ್ತರಿ ಎಲ್ಲಿಟ್ಟಿದ್ದೀಯ? ಕೊಡು" ಎಂದರು.

ಅವರ ಮುಖದಲ್ಲಿ ಸಂತೋಷ ಇರಲಿಲ್ಲ. ಆಗ ನನಗೆ ಹೆದರಿಕೆಯಾಯಿತು. ನಾನು ಕತ್ತರಿ ಕೊಡುತ್ತಿರುವಾಗಲೇ ಅಮ್ಮ ಬಂದಳು. ನೆಲದ ತುಂಬ ಬಿದ್ದಿದ್ದ ನೀಲಿ ತುಂಡು ನೋಡಿದಳು, ನನ್ನ ಕೈ ನೋಡಿದಳು. ಅಮ್ಮನ ಏಟು ಎಂಥದ್ದೆಂದು ವಠಾರಕ್ಕೆಲ್ಲ ಗೊತ್ತಿತ್ತು. ಅವಳು ಬಾಯಿ ತೆಗೆಯುವ ಮೊದಲೇ ಅತ್ತೆ ನನ್ನ ಮುಂದೆ ಬಂದು ನಿಂತರು.

"ನಾನೇ ಕತ್ತರಿಸ್ದೆ. ಮಗೂಗೊಂದು ಸ್ವೆಟರ್ ಆಗುತ್ತೆ ಅಂತ."

ನಾನು ಅವರ ಸೆರಗಿನ ಹಿಂದೆ ನಿಂತಿದ್ದೆ. ಮುಖ ಹೊರಗೆ ಹಾಕಿ "ನಾನಮ್ಮ" ಎನ್ನುವಷ್ಟು ಸಮಯ ಇತ್ತು. ಎನ್ನಲಿಲ್ಲ.

ಪದ್ಮಾವತಮ್ಮನಿಗೆ ಹೇಳಲೇಬೇಕಿತ್ತು, ಒಪ್ಪಿಸಬೇಕಾದ ಸ್ವೆಟರುಗಳಿಗೆ ಉಲ್ಲನ್ ಸಾಲದು. ಅತ್ತೆಯೇ ಹೋಗಿ ಹೇಳಿ ಬಂದರು. ಮರುದಿನ ಸಂಜೆ ಅವರು ನಮ್ಮ ಮನೆಗೇ ಬಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ವಾಸಿಯಿತ್ತು, ಜನ ಎರಡು ಪಕ್ಷವಾಗುತ್ತಿದ್ದರು. ನಲ್ಲಿಯ ಹತ್ತಿರ ನೀರು ಹಿಡಿಯುತ್ತಿದ್ದವರೆಲ್ಲ ಕೊಡ ತುಂಬಿ ಹರಿದರೂ ಹಾಗೇ ನಿಂತರು.

"ನಿಮ್ಮ ಮೇಲೆ ನಂಬಿಕೆ ಇತ್ತು ಜಯಮ್ಮ. ಉಳಿದಿದ್ದು ಇಟ್ಕೊಳಿ ಅಂದೆ. ನೀವು ಉಳಿಸ್ಕೊಳ್ಳೋಕೇ ಶುರು ಮಾಡ್ಬಿಟ್ರಲ್ಲ. ಇಷ್ಟು ವರ್ಷ ಎಷ್ಟು ಹೀಗೆ ಹೋಯ್ತೋ, ದೇವ್ರಿಗೇ ಗೊತ್ತು."

"ತಪ್ಪಾಯ್ತಮ್ಮ" ಎಂದರು ಅತ್ತೆ. ಚೌಕಟ್ಟಿನ ಗೀರನ್ನು ತೋರಿಸಬಹುದಿತ್ತು. ತುಂಡನ್ನು ತಮ್ಮ ಉದ್ದ ಕೈಯ ಪಕ್ಕ ಹಿಡಿದು ತೋರಿಸಬಹುದಿತ್ತು. ತೋರಿಸಿದ್ದರೆ ಮುಂದಿನ ಪ್ರಶ್ನೆ ಯಾರ ಮೊಳ ಎಂದೇ ಬರುತ್ತಿತ್ತು. ಅಪ್ಪ ತಲೆ ಬಗ್ಗಿಸಿಕೊಂಡು ಉಲ್ಲನ್ನಿನ ಬೆಲೆ ಕೊಟ್ಟು ಕಳಿಸಿದರು. ಪದ್ಮಾವತಮ್ಮ ಮತ್ತೆ ಕೆಲಸ ಕೊಡಲಿಲ್ಲ, ಅವರನ್ನು ಬಲ್ಲ ಬೇರೆ ಯಾರೂ ಕೊಡಲಿಲ್ಲ.

ಕೆಲಸ ಹೋದದ್ದನ್ನು ಅತ್ತೆ ಸಹಿಸಿಕೊಂಡರು ಎಂದೇ ನನಗೆ ಅನ್ನಿಸುತ್ತದೆ. ಸಹಿಸಲಾಗದೆ ಹೋದದ್ದು ಬೇರೆ. ವಠಾರದ ಕೊನೆಯ ಮನೆಯ ರತ್ನಕ್ಕ ಆಗ ಎಂಟು ತಿಂಗಳ ಬಸುರಿ, ಮೊದಲು ಎರಡು ಕೂಸು ಉಳಿದಿರಲಿಲ್ಲ. ಅವಳಿಗಾಗಿ ಅತ್ತೆ ಒಂದು ಕುಲಾವಿ ಹಾಕಿ ಕೊಟ್ಟಿದ್ದರು. ಒಂಬತ್ತು ಬಣ್ಣದ್ದು, ಕೆನ್ನೆಯ ಎರಡು ಕಡೆ ಕುಚ್ಚು. ಪದ್ಮಾವತಮ್ಮ ಬಂದು ಹೋದ ನಾಲ್ಕನೇ ದಿನ ರತ್ನಕ್ಕನ ಅತ್ತೆ ಅದನ್ನು ಹಿಡಿದುಕೊಂಡು ಬಂದರು. ಮುದುಕಿ ಪಾಪ, ಬಹಳ ಸಂಕೋಚದಿಂದಲೇ ಮಾತಾಡಿದರು.

"ಬೇಜಾರು ಮಾಡ್ಕೋಬೇಡ ಕಣವ್ವ. ಉಳಿದಿದ್ದು ಅಂದ್ರೆ ಒಂದು ಥರ. ಉಳಿಸ್ಕೊಂಡಿದ್ದು ಅಂದ್ರೆ ಇನ್ನೊಂದು ಥರ. ಹಸುಗೂಸು ತಲೆಗೆ ಹಾಕೋದಲ್ವಾ..."

ನಮ್ಮತ್ತೆ ಎರಡೂ ಕೈ ಚಾಚಿ ಕುಲಾವಿಯನ್ನು ಇಸಿದುಕೊಂಡರು. "ಸರಿ ಬಿಡಿ ದೊಡ್ಡಮ್ಮ" ಎಂದರು. ನಾನು ಅಲ್ಲೇ ಮಗ್ಗಿ ಬರೆಯುತ್ತಾ ಕೂತಿದ್ದೆ. ಹದಿಮೂರರ ಮಗ್ಗಿ. ಬರೆದದ್ದನ್ನೇ ಮತ್ತೆ ಬರೆಯುತ್ತಾ ತಲೆ ಎತ್ತಲಿಲ್ಲ. ಅಂದು ಎದ್ದು ಹೋಗಿ ಆ ಮುದುಕಿಗೆ ಒಂದು ಮಾತು ಹೇಳಿದ್ದರೆ ಏಟು ಬೀಳುತ್ತಿತ್ತು, ಒಂದು ವಾರ ಕೆನ್ನೆ ಉರಿಯುತ್ತಿತ್ತು, ಮುಗಿದುಹೋಗುತ್ತಿತ್ತು. ರತ್ನಕ್ಕನಿಗೆ ಹೆಣ್ಣು ಮಗು ಹುಟ್ಟಿತು. ಗಟ್ಟಿಮುಟ್ಟಾದ ಮಗು. ಅಂಗಡಿಯಿಂದ ತಂದ ಕುಲಾವಿ ಹಾಕಿದ್ದರು. ವಠಾರದವರೆಲ್ಲ ನೋಡಲು ಹೋದರು. ಅತ್ತೆ ಹೋಗಲಿಲ್ಲ, ನಡುಮನೆಯ ಗೋಡೆಗೆ ಒರಗಿ ಕೂತು ಅದು ಅಳುವುದನ್ನು ಕೇಳಿಸಿಕೊಳ್ಳುತ್ತಿದ್ದರು. ಆಮೇಲೆ ಯಾರೂ ಅವರ ಹತ್ತಿರ ಕುಲಾವಿ ಕೇಳಿಕೊಂಡು ಬರಲಿಲ್ಲ.

ಕತ್ತರಿಸಿದ ನೀಲಿ ಉಲ್ಲನ್ ಮನೆಯಲ್ಲೇ ಉಳಿಯಿತು. ಆ ಚಳಿಗಾಲವಿಡೀ ಅತ್ತೆ ಅದನ್ನು ಸೇರಿಸುತ್ತಾ ಕೂತರು. ಮಿಶ್ರದ ಉಲ್ಲನ್, ನೀರು ಹಚ್ಚಿದರೆ ಕೂಡುವಂಥದ್ದಲ್ಲ. ನನ್ನ ಪ್ರತಿ ಮೊಳಕ್ಕೊಂದು ಗಂಟು. ಅಮ್ಮ ಹಾದುಹೋಗುವಾಗಲೆಲ್ಲ ಏನಾದರೂ ಅನ್ನುತ್ತಿದ್ದಳು. ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಗುತ್ತದೆ ಎನ್ನುತ್ತಾರಲ್ಲ, ನನ್ನ ನೀಲಿ ಸ್ವೆಟರ್ ಮುಗಿದದ್ದು ಸರಿಯಾಗಿ ಅದರ ಮಾರನೆಯ ದಿನ. ಹೊರಗೆ ಒಂದೇ ಬಣ್ಣ, ಒಂದು ಗಂಟೂ ಕಾಣದು. ಒಳಗೆ ಸಾವಿರ ಗಂಟು. ನಾನು ಬೇಡವೆನ್ನಬೇಕಿತ್ತು. ಬೇಡವೆನ್ನಲಿಲ್ಲ, ಬೆವರು ಕಿತ್ತುಕೊಂಡು ಬರುತ್ತಿದ್ದರೂ ಹಾಕಿಕೊಂಡು ಸ್ಕೂಲಿಗೆ ಹೋದೆ. ನಾಲ್ಕು ಹುಡುಗಿಯರೂ ಬಾಗಿಲಲ್ಲಿ ಸುಮ್ಮನೆ ನಿಂತಿದ್ದರು. ಆ ದಿನ ನನಗೆ ಆದ ಸಂತೋಷವನ್ನು ನೆನೆದರೆ ನನ್ನ ಮೇಲೆ ನನಗೇ ಅಸಹ್ಯವಾಗುತ್ತದೆ. ಆದರೆ ಸಂತೋಷವಾದದ್ದು ನಿಜ, ಸುಳ್ಳು ಹೇಳುವುದಿಲ್ಲ. ಗಂಟುಗಳು ಬೆನ್ನಿಗೆ ಚುಚ್ಚುತ್ತಿದ್ದವು. ಎರಡು ವರ್ಷ ಹಾಕಿಕೊಂಡೆ.

ಅತ್ತೆ ನಮ್ಮ ರಸ್ತೆಯಲ್ಲೇ ಇದ್ದ ಒಂದು ಗಾರ್ಮೆಂಟ್ಸಿಗೆ ಸೇರಿದರು. ಹೊಲಿದು ಬಂದ ಅಂಗಿಗಳಲ್ಲಿ ಚಾಚಿಕೊಂಡ ದಾರದ ತುದಿಗಳನ್ನು ಕತ್ತರಿಸುವ ಕೆಲಸ. ದಿನವಿಡೀ ನಿಂತೇ ಇರಬೇಕು. ಕತ್ತರಿಸಿದ್ದನ್ನೆಲ್ಲ ಸಂಜೆ ಗುಡಿಸಿ ಹೊರಗೆ ಹಾಕುತ್ತಿದ್ದರಂತೆ. ಕಾಲು ಊದಿಸಿಕೊಂಡು ಬಂದವರು ಗೋಡೆಗೆ ಕಾಲು ಚಾಚಿ ಮಲಗುತ್ತಿದ್ದರು, ಕಡ್ಡಿ ಮುಟ್ಟುತ್ತಿರಲಿಲ್ಲ. ಅಮ್ಮ ಜಗಳ ಬಂದಾಗಲೆಲ್ಲ ನೀಲಿ ಉಲ್ಲನ್ ಎತ್ತುತ್ತಿದ್ದಳು. "ನಿಮ್ಮಕ್ಕ ಮಾಡಿದ ಕೆಲಸಕ್ಕೆ ಆವತ್ತು ತಲೆ ಎತ್ತಕ್ಕಾಗ್ಲಿಲ್ಲ" ಎಂದು ಅಪ್ಪನಿಗೆ. ಅಪ್ಪ ತಮ್ಮ ಅಕ್ಕನ ಪರ ಒಂದು ಮಾತೂ ಆಡಲಿಲ್ಲ. ಆಡಲು ಅವರ ಹತ್ತಿರ ಏನೂ ಇರಲಿಲ್ಲ. ಇದ್ದದ್ದು ನನ್ನ ಹತ್ತಿರ.

ಒಂದು ವರ್ಷ ಕಳೆದ ಮೇಲೆ ಹೇಳುವುದು ಕಷ್ಟ. ಹತ್ತು ವರ್ಷ ಕಳೆದ ಮೇಲೆ ಹೇಳಲು ನಾಚಿಕೆ. ನನ್ನ ಮದುವೆಯ ಹಿಂದಿನ ದಿನ ಹೇಳೋಣವೆಂದುಕೊಂಡೆ, ಮದುವೆ ಮನೆಯಲ್ಲಿ ಯಾಕೆ ಎಂದುಕೊಂಡೆ. ಅಪ್ಪ ಹೋದಾಗ, ಅಮ್ಮ ಹೋದಾಗ ಒಂದೊಂದು ನೆಪ. ಅಮ್ಮ ಕೊನೆಯವರೆಗೂ ಅತ್ತೆಯನ್ನು ಕಳ್ಳಿ ಎಂದೇ ತಿಳಿದುಕೊಂಡು ಹೋದಳು. ನಾನು ಮೂವತ್ತು ವರ್ಷ ಟೀಚರಾಗಿದ್ದೆ. "ಯಾರು ಮಾಡಿದ್ದು ಅಂತ ಹೇಳಿಬಿಡಿ, ಹೇಳಿದವರಿಗೆ ಹೊಡೆಯಲ್ಲ" ಎಂದು ಎಷ್ಟು ಮಕ್ಕಳಿಗೆ ಹೇಳಿದೆನೋ. ಅತ್ತೆ ಒಂದು ದಿನವೂ ಆ ಮಾತೆತ್ತಲಿಲ್ಲ. ಕಣ್ಣಲ್ಲೂ ಕೇಳಲಿಲ್ಲ. ಅವರೇ ಮರೆತಿದ್ದಾರೆ, ನಾನೇಕೆ ಕೆದಕಲಿ ಎನ್ನುವುದು ನನ್ನ ಕೊನೆಯ ನೆಪವಾಯಿತು.

ಈಗ ಅವರಿಗೆ ಎಂಬತ್ತು ದಾಟಿದೆ. ನಾಯಂಡಹಳ್ಳಿಯಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾರೆ. ನನ್ನ ಮನೆ ವಿಜಯನಗರದಲ್ಲಿ, ಮೆಟ್ರೋದಲ್ಲಿ ನಾಲ್ಕೇ ಸ್ಟೇಷನ್ನು. ಎರಡು ವರ್ಷದಿಂದ ಅವರಿಗೆ ಅರಳುಮರಳು. ನನ್ನನ್ನು ಗುರುತು ಹಿಡಿಯುತ್ತಾರೆ, ಆದರೆ ತಿಂಡಿ ತಿಂದದ್ದು ಮರೆಯುತ್ತಾರೆ. ಹೋದ ತಿಂಗಳು ಒಂದು ಬೆಳಿಗ್ಗೆ ಹೋದಾಗ ಮುಖ ಬಹಳ ತಿಳಿಯಾಗಿತ್ತು. ತಮ್ಮನ ಹೆಂಡತಿ ಬಟ್ಟೆ ಒಣಗಿಸಲು ಮೇಲೆ ಹೋಗಿದ್ದಳು. ಇವತ್ತು ಹೇಳದಿದ್ದರೆ ಇನ್ನು ಇಲ್ಲ ಎಂದುಕೊಂಡು ಮಂಚದ ಮೇಲೆ ಅವರ ಪಕ್ಕ ಕೂತೆ.

"ಅತ್ತೆ, ಆ ನೀಲಿ ಉಲ್ಲನ್ ಜ್ಞಾಪಕ ಇದ್ಯಾ?"

ಅವರ ಮುಖ ಕುಗ್ಗಿತು. ಬಾಗಿಲ ಕಡೆ ನೋಡಿದರು.

"ಮೆಲ್ಲಗೆ ಮಾತಾಡೆ. ನಿಮ್ಮಮ್ಮ ಕೇಳಿಸ್ಕೊಂಡಾಳು."

"ಅದನ್ನ ಕತ್ತರಿಸಿದ್ದು ನಾನು ಅತ್ತೆ. ನಿಮಗೆ ಗೊತ್ತಿತ್ತು. ನಾನು ಯಾರಿಗೂ ಹೇಳ್ಲಿಲ್ಲ."

"ನೀನಾ?" ಅವರು ನಕ್ಕೇಬಿಟ್ಟರು. "ನೀನು ಇಷ್ಟುದ್ದ ಇದ್ದೆ. ನಾನೇ ಕಣೆ ಕತ್ತರಿಸಿದ್ದು. ಬೆಳಕಲ್ಲಿ ಕೂತ್ಕೊಂಡು, ಸುತ್ತಿ ಸುತ್ತಿ. ನೀನು ಸ್ಕೂಲಿಂದ ಅಳ್ತಾ ಬರ್ತಿದ್ದೆ, ನೋಡಕ್ಕಾಗ್ತಿರ್ಲಿಲ್ಲ. ಕೆಟ್ಟ ಬುದ್ಧಿ ಬಂತು. ಹೋಗ್ಲಿ ಅಂತ ಕತ್ತರಿ ಹಾಕ್ಬಿಟ್ಟೆ."

"ಇಲ್ಲ ಅತ್ತೆ. ನೀವು ಅವತ್ತು ರಾಜಾಜಿನಗರಕ್ಕೆ ಹೋಗಿದ್ರಿ. ಬಂದು ನನ್ನ ಕೈ ಅಳೆದು ನೋಡಿದ್ರಿ. ನೆನಪು ಮಾಡ್ಕೊಳಿ."

"ಸುಮ್ನಿರು. ನಂದನ್ನ ನೀನ್ಯಾಕೆ ತಲೆ ಮೇಲೆ ಹಾಕ್ಕೋತೀಯ? ಮಗೂನ ಮುಂದೆ ಮಾಡಿ ತಪ್ಪಿಸ್ಕೊಳ್ಳೋಳಲ್ಲ ನಾನು. ಪದ್ಮಾವತಮ್ಮ ಅಂದಿದ್ದು ಸರಿ. ರತ್ನನ ಅತ್ತೆ ಅಂದಿದ್ದೂ ಸರಿ. ಕದ್ದ ಕೈಯಿಂದ ಹಾಕಿದ್ದು ಹಸುಗೂಸಿಗೆ ಆಗಲ್ಲ."

ನಾನು ಏನೇನೋ ಹೇಳಿದೆ. ಅಳುತ್ತಾ ಹೇಳಿದೆ, ಗದರಿಸಿ ಹೇಳಿದೆ. ಒಂದೂ ನಾಟಲಿಲ್ಲ. ಬೈಯುತ್ತಾರೆ, ಇಲ್ಲವೆ ಹೋಗಲಿ ಬಿಡು ಎನ್ನುತ್ತಾರೆ, ಎರಡಕ್ಕೂ ಸಿದ್ಧವಾಗಿ ಹೋಗಿದ್ದೆ. ಇಷ್ಟು ವರ್ಷ ನನಗಾಗಿ ಹೊತ್ತ ಸುಳ್ಳು, ನಿಜ ಗೊತ್ತಿದ್ದ ಕೊನೆಯವರನ್ನೂ ನಂಬಿಸಿಬಿಟ್ಟಿತ್ತು. ನನ್ನನ್ನು ಅಷ್ಟು ಅಳಿಸಿದ್ದು ತಾವೇ ಎಂದುಕೊಂಡು ಅವರು ಗಾಬರಿಯಾದರು. ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡರು.

"ಮನೆಗೆಲ್ಲ ಕೆಟ್ಟ ಹೆಸರು ತಂದೆ. ನಿಂಗೂ ತಂದೆ. ಕ್ಷಮಿಸ್ತೀಯಾ ಪುಟ್ಟಿ?"

ನಾನು ಕೈ ಬಿಡಿಸಿಕೊಳ್ಳಲು ನೋಡಿದೆ. ಮತ್ತೆ ಕೇಳಿದರು. ಮೇಲಿನಿಂದ ತಮ್ಮನ ಹೆಂಡತಿ ಇಳಿದು ಬರುತ್ತಿದ್ದ ಸದ್ದು ಕೇಳಿ, ಹೆದರಿದ ಕಣ್ಣಿನಿಂದ ಬಾಗಿಲು ನೋಡುತ್ತಾ ಮೂರನೇ ಸಲ ಕೇಳಿದರು.

"ಹೂಂ ಅತ್ತೆ, ಕ್ಷಮಿಸಿದೀನಿ" ಎಂದೆ.

ಅವರ ಮುಖ ಹಗುರವಾಯಿತು. ಕಾಫಿ ಕುಡಿದು ಹೋಗು ಎಂದರು. ನನ್ನ ತಪ್ಪಿಗೆ ಅವರನ್ನು ಕ್ಷಮಿಸಿ, ಕಾಫಿ ಕುಡಿದು, ಮನೆಗೆ ಬಂದೆ.